ಎಡಗಿವಿಗೊಂದು ಕಾಲಂ

ನನಗೆ ಎಡಗಿವಿ ಕೇಳಿಸುವುದಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಇಷ್ಟು ಸಲೀಸಾಗಿ ಬರೆಯುತ್ತೀಯ ಎಂದು ನನ್ನ ಇಪ್ಪತ್ತಾರನೇ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ನಕ್ಕು ತಲೆಯಾಡಿಸುತ್ತಿದ್ದೆ. ಅವರು ಎಡಗಡೆ ನಿಂತು ಹೇಳಿದ್ದರಂತೂ ಖಂಡಿತ ತಲೆಯಾಡಿಸುತ್ತಿದ್ದೆ. ಏಳನೇ ವರ್ಷದಲ್ಲಿ ಮಂಗನಬಾವು ಬಂದಿತ್ತು. ಊತ ಇಳಿದು ಹೋಗುವಾಗ ಒಂದು ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಾರನಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಈ ವಿಷಯ ಗೊತ್ತಿದ್ದದ್ದು ನನಗೆ, ಅವ್ವನಿಗೆ ಮತ್ತು ಅಪ್ಪನಿಗೆ ಮಾತ್ರ. ಅಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಬಾಯಿ ಬಿಡುವವನಲ್ಲ. ಹಾಗಾಗಿ ಗುಟ್ಟು ಭದ್ರವಾಗಿತ್ತು.

ಹೊರಗೆ ಹೋದರೆ ಅವ್ವ ನನ್ನ ಎಡಗಡೆಯೇ ಕೂರುತ್ತಿದ್ದಳು. ಆ ಕಡೆಯಿಂದ ಯಾರಾದರೂ ಮಾತಾಡಿಸಿದರೆ ಉತ್ತರ ಅವಳದೇ. ಅವಳಿಲ್ಲದ ಕಡೆ ನನ್ನದೊಂದು ಉಪಾಯವಿತ್ತು. ತುಟಿ ಅಲ್ಲಾಡಿದ್ದು ಕಂಡರೆ ತಲೆಯಾಡಿಸಿ ‘ಆಯ್ತದೆ’ ಅನ್ನುವುದು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಕ್ಷೇಮವಾದ ಮಾತಿಲ್ಲ. ನಾಳೆ ಬೆಳಿಗ್ಗೆ ಉಳೋದಕ್ಕೆ ಟ್ರ್ಯಾಕ್ಟರ್ ಬರುತ್ತಾ? ಆಯ್ತದೆ. ಮೂರು ಜನರ ಸೀಟಿನಲ್ಲಿ ಐದು ಜನ ಕೂರಬಹುದಾ? ಆಯ್ತದೆ. ಊಟಕ್ಕೆ ಏನು ಮಾಡಲಿ? ಏನಾದ್ರೂ ಆಯ್ತದೆ. ಆಗದಿದ್ದರೆ ಆಮೇಲೆ ನೋಡಿಕೊಂಡರಾಯಿತು, ಎದುರಿಗೇ ಆಗಲ್ಲ ಅನ್ನುವುದು ಮಾತ್ರ ಮರ್ಯಾದೆಗೇಡು. ನನ್ನ ಕಿವುಡು ಈ ಮರ್ಯಾದೆಯ ಮರೆಯಲ್ಲಿ ಇಪ್ಪತ್ತು ವರ್ಷ ಆರಾಮಾಗಿ ಕೂತಿತ್ತು.

ಮದುವೆ ಮಾತು ಶುರುವಾದಾಗ ಕಷ್ಟವಾಯಿತು. ಪಿರಿಯಾಪಟ್ಟಣದ ಒಂದು ಮನೆಯಲ್ಲಿ ಅವ್ವ ಧೈರ್ಯ ಮಾಡಿ ಸತ್ಯ ಹೇಳಿದಳು. ಆ ಮನೆಯವರು ಬಹಳ ಒಳ್ಳೆಯವರು. ಒಂದು ಮಾತೂ ಆಡಲಿಲ್ಲ. ಇನ್ನೆರಡು ಉಂಡೆ ತಿನ್ನಿಸಿ, ಬಸ್ ಸ್ಟ್ಯಾಂಡಿನವರೆಗೆ ಬಂದು ಬೀಳ್ಕೊಟ್ಟು, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಅವತ್ತಿನಿಂದ ಅವ್ವ ಒಂದು ತೀರ್ಮಾನಕ್ಕೆ ಬಂದಳು. “ಕೇಳಿದ್ರೆ ತಾನೇ ಹೇಳಾದು? ಕಿವಿ ವಿಚಾರ ಯಾರು ಕೇಳ್ತಾರ್ಲಾ? ನೀನು ಬಾಯ್ಮುಚ್ಕೊಂಡು ಇರು ಮಗ, ತಾಳಿ ಕಟ್ಟಿದ್ ಮ್ಯಾಕೆ ಎಲ್ಲಾ ಸರಿ ಓಯ್ತದೆ.” ನನಗೆ ಮದುವೆಯಾಗಬೇಕಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದ್ದರಿಂದ ಅವ್ವನ ಮಾತಿಗೂ ಆಯ್ತದೆ ಎಂದೆ.

ಆಗ ನಾನು ಹುಣಸೂರಿನಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲಿದ್ದ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತರು ಮೊಬೈಲಿನಲ್ಲಿ ನೋಡಲೆಂದು ಹವಾಮಾನ ಮತ್ತು ಬೆಳೆ ಸಲಹೆಯ ಪುಟವೊಂದನ್ನು ನಾವು ನಡೆಸುತ್ತಿದ್ದೆವು. ಟಚ್ ಫೋನುಗಳು ನಮ್ಮ ಕಡೆಗೆ ಆಗಷ್ಟೇ ಬರತೊಡಗಿದ್ದವು. ಗುಂಡಿ ಒತ್ತುವ ಫೋನುಗಳು ಇನ್ನೂ ಅಧಿಕಾರ ಬಿಟ್ಟುಕೊಟ್ಟಿರಲಿಲ್ಲ. ಒಂದೇ ಪುಟ ಇವೆರಡಕ್ಕೂ ಹೊಂದಬೇಕು. ದೊಡ್ಡ ಪರದೆಗೆ ನಕ್ಷೆ, ಸಣ್ಣ ಪರದೆಗೆ ನಾಲ್ಕು ಸಾಲು. ಯಾರಿಗೆ ಯಾವುದು ಎಂದು ತಿಳಿಯುವುದು ಹೇಗೆ?

ನಮ್ಮ ಸಾಹೇಬರು ಮೈಸೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಸಾಧು ಮನುಷ್ಯ. ಅವರು ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಅದೃಷ್ಟವಶಾತ್ ಬಲಗಡೆ ಕೂತಿದ್ದರು. ಫೋನು ಒಂದು ಪುಟವನ್ನು ಸುಮ್ಮನೆ ಕೇಳುವುದಿಲ್ಲ, ಜೊತೆಗೆ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ನಾನು ಇಂಥವನು, ನನ್ನ ಪರದೆ ಇಷ್ಟಗಲ, ನನಗೆ ಬಣ್ಣ ಬರುತ್ತದೆ, ಹಾಡು ಬರುತ್ತದೆ, ಇಂಥಿಂಥ ಅಕ್ಷರ ಬರುತ್ತದೆ. ಈ ಕಡೆಯ ಕಂಪ್ಯೂಟರು ಅದನ್ನು ನೋಡಿಕೊಂಡು ಹೊಟ್ಟೆಗೆ ಹಿಡಿಸುವಷ್ಟು ಬಡಿಸುತ್ತದೆ. ಆದರೆ ಒಂದು ಕಂಪನಿಯ ಫೋನು ಒಂದು ರೀತಿ ಹೇಳಿಕೊಂಡರೆ ಇನ್ನೊಂದು ಕಂಪನಿಯದು ಇನ್ನೊಂದು ರೀತಿ. ಅದಕ್ಕಾಗಿ ಜಗತ್ತಿನ ಬುದ್ಧಿವಂತರೆಲ್ಲ ಒಂದು ಕಡೆ ಸೇರಿ, ಪರಿಚಯ ಹೇಳಿಕೊಳ್ಳುವುದಕ್ಕೂ ಒಂದು ಪದ್ಧತಿ ಇರಲಿ, ಎಲ್ಲ ಫೋನೂ ಅವೇ ಪದ ಬಳಸಿ ಹೇಳಲಿ ಎಂದು ಗೊತ್ತು ಮಾಡಿದ್ದರಂತೆ. ಸಾಹೇಬರು ಆ ಪದ್ಧತಿಯ ಕಾಗದಗಳನ್ನು ಅಚ್ಚು ಹಾಕಿಸಿ, ಹಸಿರು ಫೈಲಿಗೆ ಸೇರಿಸಿಟ್ಟಿದ್ದರು, ಅದನ್ನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದರು.

ಬುದ್ಧಿವಂತರು ಎಲ್ಲವನ್ನೂ ಯೋಚಿಸಿದ್ದರು. ಫೋನು ಸುಳ್ಳು ಹೇಳಬಹುದು ಎಂಬುದೊಂದನ್ನು ಮಾತ್ರ ಯೋಚಿಸಿದಂತಿರಲಿಲ್ಲ. ನಮ್ಮ ಕಡೆ ಬರುತ್ತಿದ್ದ ಅಗ್ಗದ ಸೆಟ್ಟುಗಳು ಯಾವುದೋ ದೊಡ್ಡ ಮನೆತನದ ಫೋನಿನ ಪರಿಚಯವನ್ನು ಹಾಗೇ ನಕಲು ಹೊಡೆದುಕೊಂಡು ಬಂದಿದ್ದವು. ಅದರ ಕೊನೆಯ ಸಾಲಿನಲ್ಲಿ, ನೀವು ಏನು ಕಳಿಸಿದರೂ ತೆಗೆದುಕೊಳ್ಳುತ್ತೇನೆ ಎಂಬ ಭರವಸೆ ಬೇರೆ. ನಾವು ನಂಬಿ ಕನ್ನಡ ಕಳಿಸುತ್ತಿದ್ದೆವು. ಅಲ್ಲಿ ಅಕ್ಷರಗಳ ಬದಲು ಸಾಲು ಸಾಲಾಗಿ ಖಾಲಿ ಡಬ್ಬಗಳು ಮೂಡುತ್ತಿದ್ದವು. ಫೋನಿನಿಂದ ಮಾತ್ರ ದೂರಿಲ್ಲ. ತಲುಪಿತು ಎಂದು ತಲೆಯಾಡಿಸಿ ಸುಮ್ಮನಾಗುತ್ತಿತ್ತು. ನಾನು ಅದನ್ನು ಬಹಳ ಹತ್ತಿರದಿಂದ ಬಲ್ಲೆ ಅನ್ನಿಸಿತು.

ಕೊನೆಗೆ ಸಾಹೇಬರು, ಫೋನಿನ ಬಾಯಿಮಾತು ಬೇಡ, ಕಣ್ಣಾರೆ ನೋಡಿ ಬರೆದುಕೊಂಡು ಬಾ ಎಂದು ಇಪ್ಪತ್ತೆರಡು ಕಾಲಮ್ಮಿನ ಹಾಳೆಗಳ ಕಟ್ಟು ಕೊಟ್ಟು ನನ್ನನ್ನು ಸಂತೆಗಳಿಗೆ ಅಟ್ಟಿದರು. ಹಾಳೆ, ಪೆನ್ನು, ಹೆಗಲಿಗೆ ಚೀಲ ಇದ್ದವನನ್ನು ಜನ ಏನೆಂದು ತಿಳಿಯಬೇಕು? ವೀರನಹೊಸಹಳ್ಳಿಯಲ್ಲಿ ಹೆಂಗಸರು ನಾನು ಬರುತ್ತಿದ್ದಂತೆ ಟಚ್ ಫೋನನ್ನು ಮಡಿಲಿಗೆ ಸೇರಿಸಿ, ಗಂಡಂದಿರ ಹಳೇ ಗುಂಡಿ ಫೋನು ತಂದು ಮುಂದೆ ಹಿಡಿದರು. ದೊಡ್ಡ ಫೋನು ಇದೆಯೆಂದು ಸರ್ಕಾರಕ್ಕೆ ಗೊತ್ತಾದರೆ ಅಕ್ಕಿ ಕಾರ್ಡು ಕಿತ್ತುಕೊಳ್ಳುತ್ತಾರೆ ಎಂಬ ಭಯ. “ನಾವು ಬಡವ್ರು ಕಣ್ಸಾಮಿ, ಇದೂ ಸರ್ಯಾಗಿ ರಿಂಗಾಗಕಿಲ್ಲ,” ಎಂದಳು ಒಬ್ಬಾಕೆ. ಅವಳ ಮಡಿಲು ಆ ಹೊತ್ತಿಗೆ ಸರಿಯಾಗಿ ಸಿನಿಮಾ ಹಾಡು ಹೇಳತೊಡಗಿತು. ಇಬ್ಬರೂ ಕೇಳಿಸದವರಂತೆ ಇದ್ದೆವು. ನನಗೆ ಅಭ್ಯಾಸವಿತ್ತು.

ಅಂತರಸಂತೆಯ ಸಂತೆಯಲ್ಲಿ ಹತ್ತಿ ಬೆಳೆಯುವ ವಯಸ್ಸಾದ ಯಜಮಾನರೊಬ್ಬರು ಸಿಕ್ಕಿದರು. ಅವರ ಫೋನು ನಾಲ್ಕು ಸ್ಪೀಕರಿನ ಕೆಂಪು ಸೆಟ್ಟು.

“ಕನ್ನಡ ಬರುತ್ತಾ ಯಜಮಾನ್ರೇ ಇದರಲ್ಲಿ?”

“ಎಲ್ಲಾ ಬತ್ತದೆ ಕಣಪ್ಪ. ದಿನಾ ನಿಮ್ದೇ ನೋಡಾದು.”

ತೆರೆದು ತೋರಿಸಿದರು. ಪರದೆ ತುಂಬ ಡಬ್ಬ. ಇದನ್ನು ಹೇಗೆ ನೋಡುತ್ತೀರಿ ಎಂದು ಕೇಳಿದೆ. ಅಷ್ಟೂ ತಿಳಿಯದವನನ್ನು ಯಾರು ಕೆಲಸಕ್ಕಿಟ್ಟುಕೊಂಡರೋ ಎಂಬಂತೆ ನನ್ನನ್ನು ನೋಡಿ ಹೇಳಿದರು: “ಒಂದ್ ಸಾಲು ಡಬ್ಬ ಬಂದ್ರೆ ಬಿಸ್ಲು. ಹಿಂಗೆ ತುಂಬ್ಕೊಂಡ್ ಬಂದ್ರೆ ಮಳೆ. ಒಂದಿನಾನೂ ತಪ್ಪಿಲ್ಲ ಬುಡು.”

ಲೆಕ್ಕ ಹಾಕಿ ನೋಡಿದರೆ ಅವರು ಹೇಳಿದ್ದು ಸರಿ. ಬಿಸಿಲಿದ್ದ ದಿನ ನಾವು ‘ಒಣ ಹವೆ’ ಎಂದಷ್ಟೇ ಬರೆಯುತ್ತಿದ್ದೆವು. ಮಳೆ ಬರುವಂತಿದ್ದರೆ ಔಷಧಿ ಹೊಡೆಯಬೇಡಿ, ಗೊಬ್ಬರ ಹಾಕಬೇಡಿ, ಬದುವಿನಲ್ಲಿ ನೀರು ಬಿಡಿಸಿ ಎಂದು ಉದ್ದಕ್ಕೆ ಬುದ್ಧಿ ಹೇಳುತ್ತಿದ್ದೆವು. ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಹಸಿರು ಫೈಲನ್ನೊಮ್ಮೆ ನೋಡಿ, ಕಾಫಿ ತರಿಸು ಎಂದರು.

ಇದರ ಮಧ್ಯೆ ಕೆ.ಆರ್. ನಗರದಿಂದ ಒಂದು ಸಂಬಂಧ ಬಂತು. ಹುಡುಗಿ ಅಲ್ಲಿಯ ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ತಂದೆ ರೈಸ್ ಮಿಲ್ಲಿನಲ್ಲಿ ಮೇಸ್ತ್ರಿ. ನನ್ನ ಬಯೋಡೇಟಾವನ್ನು ಅವ್ವ ಹೇಳಿದಳು, ಆಫೀಸಿನ ಕಂಪ್ಯೂಟರಿನಲ್ಲಿ ನಾನೇ ಟೈಪು ಮಾಡಿದೆ. ಎತ್ತರ, ಬಣ್ಣ, ಓದು, ನಕ್ಷತ್ರ, ಜಮೀನು. ಚಟ: ಯಾವುದೂ ಇಲ್ಲ. ಸ್ವಭಾವ: ಏನು ಹೇಳಿದರೂ ಕೇಳುತ್ತಾನೆ. ಈ ಕೊನೆಯದನ್ನು ಟೈಪು ಮಾಡುವಾಗ ಬೆರಳು ಸ್ವಲ್ಪ ತಡೆಯಿತು. ಕಿವಿಗೆ ಕಾಲಂ ಇರಲಿಲ್ಲ, ನಾನೂ ಹಾಕಲಿಲ್ಲ.

ಹೆಣ್ಣು ನೋಡಲು ಹೋದ ದಿನ ಅವ್ವ ತನ್ನ ಜಾಗದಲ್ಲಿ ಕೂತು ಎಲ್ಲವನ್ನೂ ಚೆನ್ನಾಗಿಯೇ ನಡೆಸಿದಳು. ಆದರೆ ಕೇಸರಿಬಾತು ಮುಗಿದ ಮೇಲೆ ಹುಡುಗಿಯ ತಂದೆ, ಈಗಿನ ಕಾಲದ ಪದ್ಧತಿ, ಇಬ್ಬರೂ ಐದು ನಿಮಿಷ ಮಾತಾಡಿಕೊಳ್ಳಲಿ ಎಂದು ನಮ್ಮನ್ನು ಮಹಡಿಯ ಮೇಲಕ್ಕೆ ಕಳಿಸಿಬಿಟ್ಟರು. ಅವ್ವ ಅರ್ಧ ಎದ್ದು, ಎಲ್ಲರೂ ನೋಡಿದ್ದರಿಂದ ಮತ್ತೆ ಕೂತಳು. ಮೇಲೆ ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಒಣಗಲು ಹಾಕಿದ್ದ ಸೀರೆಗಳು. ಹುಡುಗಿ ನನ್ನ ಎಡಗಡೆ ನಿಂತಳು. ಹಿಂದಿನ ಬೀದಿಯಲ್ಲಿ ರೈಸ್ ಮಿಲ್ಲು ಓಡುತ್ತಿತ್ತು. ಬಲಗಿವಿಯ ತುಂಬ ಅದೇ ಸದ್ದು.

ಅವಳ ತುಟಿ ಅಲ್ಲಾಡಿತು. ನಾನು ತಲೆಯಾಡಿಸಿದೆ. ಅವಳು ಸೆರಗಿನ ತುದಿ ನೋಡುತ್ತಾ ಸ್ವಲ್ಪ ಉದ್ದಕ್ಕೇ ಏನನ್ನೋ ಹೇಳಿದಳು. ನಾನು “ಆಯ್ತದೆ” ಎಂದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿ ಇನ್ನೊಂದು ಏನೋ ಕೇಳಿದಳು. ನಾನು ನಗುತ್ತಾ “ನನ್ನದೇನೂ ಅಭ್ಯಂತರ ಇಲ್ಲ” ಎಂದೆ. ಅವಳ ಮುಖ ಅರಳಿತು. ಅಷ್ಟು ಸಂತೋಷವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಕೆಳಗೆ ಬಂದು, ಹುಡುಗಿ ಒಪ್ಪಿಗೆಯೇನಪ್ಪಾ ಎಂದು ಅವಳ ತಂದೆ ಕೇಳಿದಾಗ ತುಂಬು ಮನಸ್ಸಿನಿಂದ ಒಪ್ಪಿಗೆ ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು, “ಮ್ಯಾಗೆ ಏನಂದ್ಲು?”

“ಗೊತ್ತಿಲ್ಲ.”

“ನೀನೇನಂದೆ?”

“ಆಯ್ತದೆ ಅಂದೆ.”

“ಸದ್ಯ, ಬುಡು,” ಎಂದು ಅವ್ವ ನೆಮ್ಮದಿಯಾಗಿ ಕಿಟಕಿಗೆ ಒರಗಿದಳು. ವೀಳ್ಯಶಾಸ್ತ್ರಕ್ಕೆ ಮೂರು ವಾರ ಬಿಟ್ಟು ದಿನ ಗೊತ್ತಾಯಿತು.

ಆ ಮೂರು ವಾರ ನಾನು ಆಫೀಸಿನಲ್ಲಿ ಸತ್ಯಹರಿಶ್ಚಂದ್ರನಾಗಿದ್ದೆ. ಹಾಳೆಗೆ ಇಪ್ಪತ್ತಮೂರನೆಯ ಕಾಲಂ ಬೇಕೆಂದು ಸಾಹೇಬರ ಬೆನ್ನು ಬಿದ್ದೆ. ಇಪ್ಪತ್ತೆರಡರಲ್ಲೂ ಫೋನಿಗೆ ಏನು ಬರುತ್ತದೆ ಎಂದೇ ಇದೆ, ಏನು ಬರುವುದಿಲ್ಲ ಎನ್ನುವುದಕ್ಕೆ ಒಂದು ಜಾಗ ಬೇಡವೇ?

“ಅಲ್ಲ ಕಣಯ್ಯ, ಪದ್ಧತಿಯಲ್ಲೇ ಇಲ್ಲ ಅದು,” ಎಂದರು ಸಾಹೇಬರು. “ನಂಗೆ ಇದು ಬರಲ್ಲ ಅಂತ ಯಾವ ಕಂಪನಿಯವನು ತನ್ನ ಫೋನಿನ ಬಾಯಲ್ಲಿ ಹೇಳಿಸ್ತಾನೆ? ಆಮೇಲೆ ಯಾರು ತಗೋತಾರೆ ಅದನ್ನ?”

“ಹೇಳದೇ ಇದ್ರೆ ನಾವು ಸರಿಯಾದ್ದು ಕಳಿಸೋದು ಹೇಗೆ ಸಾರ್? ಮುಚ್ಚಿಟ್ಟುಕೊಂಡು ಡಬ್ಬ ತೋರಿಸೋದಕ್ಕಿಂತ, ಬರಲ್ಲ ಅಂತ ಒಂದು ಮಾತು ಹೇಳಿದ್ರೆ ಏನು ಗಂಟು ಹೋಗುತ್ತೆ?”

ಹೇಳಿದವನು ನಾನೇ. ಬಲಗಿವಿ ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡಿತು. ಸಾಹೇಬರು ಕೊನೆಗೆ ಒಪ್ಪಿ, ಆ ಕಾಲಮ್ಮಿಗೆ ಸೇರಿದ ಫೋನುಗಳಿಗೆಲ್ಲ ಕನ್ನಡವನ್ನು ಒಂದೇ ಅಳತೆಯ ಚಿತ್ರ ಮಾಡಿ ಕಳಿಸುವ ಏರ್ಪಾಡು ಮಾಡಿದರು. ಎಲ್ಲರ ಪರದೆಯ ಮೇಲೂ ಅಕ್ಷರ ಮೂಡಿತು. ನಮ್ಮ ಮಹಡಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಸಿಕ್ಕಿತು.

ಮುಂದಿನ ವಾರ ಅಂತರಸಂತೆಗೆ ಹೋದರೆ ಆ ಯಜಮಾನರು ನನ್ನನ್ನು ದೂರದಿಂದಲೇ ಕಂಡು ಬೈಯುತ್ತಾ ಬಂದರು. “ಏನ್ ಮಾಡ್ಬುಟ್ರಪ್ಪ ನೀವು? ಎಲ್ಲಾ ಒಂದೇ ಅಳತೆ ಬತ್ತಾ ಅದೆ. ಮಳೆ ಯಾವತ್ತು ಅಂತ್ಲೇ ತಿಳೀತಾ ಇಲ್ಲ. ಮೊನ್ನೆ ಔಸ್ದಿ ಹೊಡ್ದೆ, ಎಲ್ಲಾ ತೊಳ್ಕೊಂಡ್ ಓಯ್ತು.”

ಅವರಿಗೆ ಓದಲು ಬರುತ್ತಿರಲಿಲ್ಲ. ಫೋನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದೆಲ್ಲ ಇಪ್ಪತ್ತಮೂರು ಸಲ ಕೇಳಿದ್ದೆ, ಎದುರಿಗೆ ನಿಂತ ಮನುಷ್ಯನನ್ನು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅವರ ಹತ್ತಿರ ಕ್ಷಮೆ ಕೇಳಿ ಬಸ್ ಹತ್ತಿ ಕೂತಾಗ ಇನ್ನೊಂದು ಯೋಚನೆ ಬಂತು. ಆ ಹುಡುಗಿ ಮಹಡಿಯ ಮೇಲೆ ಕೇಳಿದ್ದು ಏನು? ನಾನು ಯಾವುದಕ್ಕೆ ಆಯ್ತದೆ ಎಂದೆ? ಅವ್ವನಿಗೆ ಹೇಳಿದರೆ ತಡೆಯುತ್ತಾಳೆಂದು ಹೇಳದೆ, ಮಾರನೆಯ ದಿನ ರಜೆ ಹಾಕಿ ಕೆ.ಆರ್. ನಗರಕ್ಕೆ ಹೋದೆ.

ಕನ್ನಡಕದಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ನನ್ನನ್ನು ಕಂಡದ್ದೇ ಮುಖ ಬಿಗಿದುಕೊಂಡಳು.

“ಇನ್ನೇನ್ ಬಾಕಿ ಅದೆ ಅಂತ ಬಂದ್ರಿ?”

“ಅವತ್ತು ಮೇಲೆ ನೀವೇನು ಕೇಳಿದ್ರಿ ಅಂತ…”

“ತಮಾಸೆನಾ? ಮುಖಕ್ಕೆ ಮುಖ ಕೊಟ್ಟು ಆಯ್ತದೆ ಅಂದ್ರಿ. ನಗ್ತಾ ನಗ್ತಾ ಅಭ್ಯಂತರ ಇಲ್ಲ ಅಂದ್ರಿ. ಕೆಳ್ಗಡೆ ಬಂದು ನಮ್ಮಪ್ಪನ್ ತಾವ ಬೇರೇನೇ ಹೇಳಿದ್ರಲ್ಲ.”

ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಎಡಗಿವಿ ಎಂದೆ. ಅಷ್ಟೇ ಹೊರಟಿತು. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ದಿನಕ್ಕೆ ಎಷ್ಟೋ ಜನ ಆ ಕುರ್ಚಿಯಲ್ಲಿ ಕೂತು, ಕಾಣದ ಅಕ್ಷರವನ್ನು ಕಾಣುತ್ತದೆ ಎಂದು ಹೇಳುವುದನ್ನು ನೋಡಿದವಳು. ಎದ್ದು ಬಂದು ನನ್ನ ಎಡಗಡೆ ನಿಂತಳು. ಎದುರಿಗಿದ್ದ ಕನ್ನಡಿಯಲ್ಲಿ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡದ್ದು ಕಂಡಿತು, ಕೆನ್ನೆ ಅಲ್ಲಾಡಿದ್ದು ಕಂಡಿತು. ಇಪ್ಪತ್ತು ವರ್ಷದ ಅಭ್ಯಾಸ, ನನಗೇ ಗೊತ್ತಿಲ್ಲದೆ ತಲೆ ಆಡಿತು. “ಹ್ಞೂಂ,” ಎಂದೆ.

ಅವಳು ನಗಲಿಲ್ಲ. ಬಲಗಡೆಗೆ ಬಂದು ಹೇಳಿದಳು, “ಕೇಳಿಸ್ಲಿಲ್ಲ ಅನ್ನಿ.”

“ಕೇಳಿಸಲಿಲ್ಲ,” ಎಂದೆ. ಮನೆಯವರಲ್ಲದವರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಅಳು ಬಂದಂತಾಗಿ, ಗೋಡೆಯ ಮೇಲಿದ್ದ ಅಕ್ಷರದ ಹಲಗೆಯನ್ನು ಓದುವವನಂತೆ ನೋಡುತ್ತಾ ಕೂತೆ.

ಅವಳು ಅವತ್ತು ಹೇಳಿದ್ದನ್ನು ಮತ್ತೆ ಹೇಳಿದಳು. ಮೈಸೂರಿನಲ್ಲಿ ಕಣ್ಣಿನ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿದೆ. ಈ ವರ್ಷ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಮದುವೆ ಬೇಡ. “ನೀವೇ ಒಲ್ಲೆ ಅಂತ ಹೇಳ್ಬುಡ್ತೀರಾ ಅಂತ ಕೇಳ್ದೆ. ಗಂಡಿನ್ ಕಡೆಯೋರು ಬ್ಯಾಡ ಅಂದ್ರೆ ನಮ್ಮಪ್ಪ ಸುಮ್ನಾಗ್ತಾರೆ. ನಾನ್ ಬ್ಯಾಡ ಅಂದ್ರೆ ನಮ್ಮನೇಲಿ ಯಾರ್ಗೂ ಕೇಳ್ಸಕಿಲ್ಲ.”

ಹೇಳುತ್ತೇನೆ ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಅಂಗಡಿಯಿಂದ ಅವರ ಮನೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ನಾನು ಒಂದು ಜಾಣ ಲೆಕ್ಕ ಹಾಕಿದ್ದೆ. ಒಲ್ಲೆ ಎಂದು ಯಾಕೆ ಹೇಳಬೇಕು? ಕಿವಿಯ ವಿಷಯ ಹೇಳಿದರೆ ಸಾಕು, ಪಿರಿಯಾಪಟ್ಟಣದವರ ಹಾಗೆ ಇವರೂ ಉಂಡೆ ತಿನ್ನಿಸಿ ಕೈ ಬಿಡುತ್ತಾರೆ. ಸತ್ಯ ಹೇಳಿದ ಹಾಗೂ ಆಯಿತು, ಅವಳ ಕೆಲಸವೂ ಆಯಿತು.

ಅವಳ ತಂದೆ ಮಿಲ್ಲಿನಿಂದ ಊಟಕ್ಕೆ ಬಂದಿದ್ದರು, ಮೈಯೆಲ್ಲ ತೌಡಿನ ಧೂಳು. ಅಳಿಯನೇ ಬಂದನೆಂದು ಸಂಭ್ರಮದಿಂದ ಕುರ್ಚಿ ಹಾಕಿದರು. ನಾನು ಕೂರದೆ ಎಲ್ಲವನ್ನೂ ಹೇಳಿದೆ. ಎಡಗಿವಿ ಪೂರ್ತಿ ಕೇಳುವುದಿಲ್ಲ, ಏಳನೇ ವರ್ಷದಿಂದಲೂ ಇಲ್ಲ, ನಿಮ್ಮಿಂದ ಮುಚ್ಚಿಟ್ಟೆವು, ತಪ್ಪಾಯಿತು.

ಅವರು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

“ಇಷ್ಟೇನಾ?” ಎಂದರು. “ಇದ ಹೇಳಕ್ಕೆ ಅಲ್ಲಿಂದ ಬಂದ್ಯಾ? ಮೂವತ್ತೊರ್ಸ ಈ ಮಿಲ್ಲಲ್ಲಿ ದುಡ್ದು ನಂಗೂ ಅರ್ಧಂಬರ್ಧವೇ ಕಣಪ್ಪ. ಒಂದು ಕಿವಿ ಸಾಕು ಬುಡು ಸಂಸಾರಕ್ಕೆ. ಬಾಯ್ಬುಟ್ಟು ಹೇಳ್ದಲ್ಲ, ಅದು ದೊಡ್ದು. ನನ್ ಮಗಳ್ಗೆ ನಿನ್ನಂತೋನೇ ಬೇಕು.”

ಅವರ ಒರಟು ಕೈ ನನ್ನ ಹೆಗಲ ಮೇಲೆ ಬಂತು. ನನ್ನ ಕಿವಿ ಗೊತ್ತಿದ್ದೂ ನನ್ನನ್ನು ಬೇಕೆಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನನಗೂ ಆ ಮನೆ ಬೇಕಿತ್ತು, ಆ ಹುಡುಗಿಯಂತೂ ಒಂದು ಗಂಟೆಯ ಹಿಂದಿಗಿಂತ ಹತ್ತು ಪಟ್ಟು ಬೇಕಾಗಿದ್ದಳು. ಅವರು ನನ್ನ ಬಲಗಡೆಯೇ ನಿಂತಿದ್ದರು, ಒಂದು ಮಾತೂ ಕೇಳಿಸದೆ ಹೋಗಿರಲಿಲ್ಲ. ಊಟದ ಹೊತ್ತು ಮುಗಿದು ಮಿಲ್ಲು ಮತ್ತೆ ಶುರುವಾಯಿತು.

“ನನಗೆ ಒಪ್ಪಿಗೆ ಇಲ್ಲ,” ಎಂದೆ.

ಅವರು ಕಿವಿಗೆ ಕೈ ಅಡ್ಡ ಹಿಡಿದು “ಆಂ?” ಎಂದರು. ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು.